ಜೆನೆವೀವ್ ಲೇಸಿ ಮತ್ತು ರೆಕಾರ್ಡರ್ ವಾದ್ಯದ ಮರ್ಯಾದೆ

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪಾಶ್ಚಾತ್ಯ ಸುಷಿರ ವಾದ್ಯಗಳನ್ನು ಪರಿಚಯಿಸುವ ಲೇಖನವನ್ನು ಆಸಕ್ತಿಯಿಂದ ಓದಿದೆ. ಕ್ಲಾರಿನೆಟ್, ಓಬೊಗಳಿಗೆ ಧಾರಾಳವಾಗಿ ಜಾಗ ಕೊಟ್ಟಿರುವ ಲೇಖಕರು ತುದಿಯಿಂದ ನೇರವಾಗಿ ಊದುವ ಕೊಳಲಿನಂಥ ರೆಕಾರ್ಡರನ್ನು ಮಾತ್ರ ಶಾಲಾ ಮಕ್ಕಳು ಸಂಗೀತ ಕಲಿಯಲು ಬಳಸುವ ಸರಳ ವಾದ್ಯವೆಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆ ಸಾಲು ಪೂರ್ತಿ ಸುಳ್ಳಲ್ಲ; ಆದರೆ ಆಸ್ಟ್ರೇಲಿಯಾದ ರೆಕಾರ್ಡರ್ ವಾದಕಿ ಹಾಗೂ ಸಂಯೋಜಕಿ ಜೆನೆವೀವ್ ಲೇಸಿ ಅವರ ಕೆಲಸವನ್ನು ಬಲ್ಲ ಯಾರಿಗೂ ಅದು ಸಾಲದು ಎನಿಸುತ್ತದೆ.

ಈ ವಾದ್ಯಕ್ಕೆ ಮಕ್ಕಳ ವಾದ್ಯವೆಂಬ ಹೆಸರು ಅಂಟಿಕೊಂಡದ್ದು ತೀರ ಈಚೆಗೆ. 18ನೇ ಶತಮಾನದ ಮಧ್ಯಭಾಗದವರೆಗೂ ಯುರೋಪಿನಲ್ಲಿ ಇದು ಗೌರವದ ವಾದ್ಯವಾಗಿತ್ತು. ಆಮೇಲೆ ವಾದ್ಯವೃಂದಗಳು ದೊಡ್ಡವಾದವು, ಸಭಾಂಗಣಗಳು ದೊಡ್ಡವಾದವು, ಅಡ್ಡಕೊಳಲಿನ ಜೋರು ದನಿಯ ಮುಂದೆ ರೆಕಾರ್ಡರ್ ಮೂಲೆ ಸೇರಿತು. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ವಾದ್ಯಗಳ ತಯಾರಕ ಆರ್ನಲ್ಡ್ ಡಾಲ್ಮೆಚ್ ಅದನ್ನು ಮತ್ತೆ ಹೊರತೆಗೆದರು. ಎರಡನೆಯ ಮಹಾಯುದ್ಧದ ನಂತರ ಅಗ್ಗದ ಪ್ಲಾಸ್ಟಿಕ್ ರೆಕಾರ್ಡರ್‌ಗಳು ಶಾಲೆಗಳಿಗೆ ಹೊಕ್ಕವು. ಊದಿದರೆ ಸಾಕು ದನಿ ಬರುತ್ತದೆ ಎಂಬುದೇ ಅದರ ಶಾಪವಾಯಿತು. ನಮ್ಮ ಕೊಳಲಿನಲ್ಲಿ ವಾದಕರ ತುಟಿಯೇ ಉಸಿರನ್ನು ತಿದ್ದುತ್ತದೆ. ರೆಕಾರ್ಡರಿನಲ್ಲಾದರೆ ಗಾಳಿಯ ದಾರಿಯನ್ನು ಮರದ ಬಿರಡೆಯೊಂದು ಮೊದಲೇ ನಿಗದಿ ಮಾಡಿರುತ್ತದೆ. ಜೋರಾಗಿ ಊದಿದರೆ ನಾದ ದೊಡ್ಡದಾಗುವುದಕ್ಕಿಂತ ಮೊದಲು ಶ್ರುತಿ ಏರಿಬಿಡುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಹಾಗಾಗಿ ನಾದದ ಏರಿಳಿತವನ್ನು ಉಸಿರು ಮತ್ತು ಬೆರಳು ಎರಡೂ ಸೇರಿ ಸರಿದೂಗಿಸಬೇಕು. ಒಂದೇ ಸ್ವರಕ್ಕೆ ಬೇರೆ ಬೇರೆ ಬೆರಳ ಜೋಡಣೆಗಳನ್ನು ಕರಗತ ಮಾಡಿಕೊಳ್ಳಬೇಕು. ಮೇಲಿನ ಸ್ಥಾಯಿಗೆ ಹೋಗಬೇಕಾದರೆ ಹಿಂಬದಿಯ ರಂಧ್ರದ ಮೇಲಿನ ಹೆಬ್ಬೆರಳನ್ನು ಕೂದಲೆಳೆಯಷ್ಟು ಮಾತ್ರ ಸರಿಸಬೇಕು. ಊದುವುದು ಸುಲಭ, ನುಡಿಸುವುದು ಕಷ್ಟ.

1972ರಲ್ಲಿ ಪಪುವಾ ನ್ಯೂಗಿನಿಯಲ್ಲಿ ಹುಟ್ಟಿದ ಲೇಸಿ ಬೆಳೆದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬ್ಯಾಲರಾಟ್ ಊರಿನಲ್ಲಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಓದಿನ ಜೊತೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮತ್ತು ಡೆನ್ಮಾರ್ಕಿನ ಓಡೆನ್ಸೆಯಲ್ಲಿ ತರಬೇತಿ ಪಡೆದರು, ಡಾಕ್ಟರೇಟನ್ನೂ ಗಳಿಸಿದರು. ಅವರು ನುಡಿಸುವ ವಾದ್ಯಗಳಲ್ಲಿ ಕೆಲವು ಫ್ರೆಡ್ ಮಾರ್ಗನ್ ಅವರ ಕೈಯಿಂದ ಬಂದವು. ಬ್ಯಾಲರಾಟ್‌ಗೆ ದೂರವಲ್ಲದ ಡೇಲ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಕುಳಿತು ರೆಕಾರ್ಡರ್ ಮಾಡುತ್ತಿದ್ದ ಮಾರ್ಗನ್ 1999ರಲ್ಲಿ ತೀರಿಕೊಂಡರು. ರೆಕಾರ್ಡರ್ ವಾದನದ ಡಚ್ ದಿಗ್ಗಜ ಫ್ರಾನ್ಸ್ ಬ್ರೂಗನ್ ಅವರ ಸಂಗ್ರಹದಲ್ಲಿದ್ದ ಹಳೆಯ ವಾದ್ಯಗಳನ್ನು ಅಳೆದು ನಕ್ಷೆ ಬರೆದವರೂ ಅವರೇ. ರೆಕಾರ್ಡರ್ ಎಂದರೆ ಯುರೋಪ್ ಎಂದು ನಂಬಿದವರು ಈ ಒಂದು ಸಂಗತಿಯನ್ನಾದರೂ ನೆನಪಿಡುವುದು ಒಳ್ಳೆಯದು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ಲೇಸಿ ಸಂಯೋಜಕಿಯೂ ಆದದ್ದು ವಾದನದ ಜೊತೆಗಿನ ಹವ್ಯಾಸವಾಗಿ ಅಲ್ಲ, ವಾದ್ಯದ ಸ್ಥಿತಿಯೇ ಅದನ್ನು ಬೇಡುತ್ತಿತ್ತು. ಪಿಯಾನೊ ಅಥವಾ ವಯಲಿನ್ ಕಲಿತವರ ಮುಂದೆ ಮೂರು ಶತಮಾನಗಳ ಕೃತಿಗಳು ಸಾಲುಗಟ್ಟಿ ನಿಂತಿರುತ್ತವೆ. ರೆಕಾರ್ಡರ್ ವಾದಕರಿಗಾದರೋ 18ನೇ ಶತಮಾನದ ಸಂಯೋಜಕರಾದ ಟೆಲಿಮನ್, ವಿವಾಲ್ಡಿಯವರ ನಂತರ ನಡುವೆ ನೂರೈವತ್ತು ವರ್ಷಕ್ಕೂ ಮಿಗಿಲಾದ ಬಯಲು. ಅದನ್ನು ತುಂಬಬೇಕಾದರೆ ಬೇರೆಯವರಿಂದ ಬರೆಸಬೇಕು, ಇಲ್ಲವೇ ತಾವೇ ಬರೆಯಬೇಕು. ಲೇಸಿ ಎರಡನ್ನೂ ಮಾಡಿದರು. ಎಸ್ಟೋನಿಯಾದ ಸಂಯೋಜಕ ಎರ್ಕಿ-ಸ್ವೆನ್ ತ್ಯೂರ್ 2007ರಲ್ಲಿ ಅವರಿಗಾಗಿ ‘ವಿಸಲ್ಸ್ ಅಂಡ್ ವಿಸ್ಪರ್ಸ್ ಫ್ರಮ್ ಉಲುರು’ ಎಂಬ ಕಂಚೆರ್ಟೊ ಬರೆದರು. ತಂತಿವಾದ್ಯಗಳ ವೃಂದದ ಎದುರು ಒಬ್ಬರೇ ಹಲವು ಗಾತ್ರದ ರೆಕಾರ್ಡರ್‌ಗಳನ್ನು ಒಂದಾದ ಮೇಲೊಂದರಂತೆ ಎತ್ತಿಕೊಂಡು ನುಡಿಸಬೇಕಾದ ಕೃತಿ ಅದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನನ್ನು ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತದ ಕಛೇರಿಗೆ ಒಗ್ಗಿಸಿದ್ದನ್ನು ಕೇಳಿದ ನಮಗೆ, ವಾದ್ಯದ ಹಣೆಬರಹ ತಿದ್ದುವವರು ನುಡಿಸುವವರೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಸ್ವಂತ ರಚನೆಗಳ ಪೈಕಿ ನನಗೆ ಬಹು ಮುಖ್ಯವೆನಿಸುವುದು ‘ಪ್ಲೆಷರ್ ಗಾರ್ಡನ್’. ಇದರ ಬೇರು 17ನೇ ಶತಮಾನದ ನೆದರ್ಲೆಂಡ್ಸ್‌ನಲ್ಲಿದೆ. ಯೂಟ್ರೆಕ್ಟ್ ನಗರದ ಗಂಟೆಗಳ ಮೇಲ್ವಿಚಾರಕನಾಗಿದ್ದ ಅಂಧ ಸಂಗೀತಗಾರ ಯಾಕೋಬ್ ಫಾನ್ ಐಕ್ ಸಂಜೆ ಹೊತ್ತು ಚರ್ಚಿನ ಅಂಗಳದಲ್ಲಿ ಅಡ್ಡಾಡುವ ಜನರಿಗಾಗಿ ರೆಕಾರ್ಡರ್ ನುಡಿಸುತ್ತಿದ್ದ. 1649ರಲ್ಲಿ ಅವನ ಸಂಬಳ ಏರಿಸಿದಾಗ ಹೀಗೆ ನುಡಿಸಬೇಕೆಂಬ ಷರತ್ತನ್ನೇ ಹಾಕಿದ್ದರಂತೆ. ಆಗಿನ ಜನಪ್ರಿಯ ಹಾಡುಗಳಿಗೂ ಪ್ರಾರ್ಥನಾ ಗೀತೆಗಳಿಗೂ ಅವನು ಕಟ್ಟಿದ ವಿಸ್ತಾರಗಳ ಸಂಕಲನ ಇಂದಿಗೂ ರೆಕಾರ್ಡರ್ ವಾದಕರ ಕೈಪಿಡಿ. ಲೇಸಿ ಆ ರಾಗಗಳನ್ನು ಎತ್ತಿಕೊಂಡು, ನಾರ್ವೆಯ ಸಂಗೀತಗಾರ ಯಾನ್ ಬಾಂಗ್ ಮತ್ತು ಆಸ್ಟ್ರೇಲಿಯಾದ ಧ್ವನಿ ಕಲಾವಿದ ರಾಬಿನ್ ಫಾಕ್ಸ್ ಜೊತೆಗೂಡಿ, 2016ರ ಸಿಡ್ನಿ ಉತ್ಸವದಲ್ಲಿ ವಾಕ್ಲೂಸ್ ಹೌಸ್ ಎಂಬ ಹಳೆಯ ಬಂಗಲೆಯ ತೋಟದಲ್ಲಿ ಹರಡಿದರು. ಗಿಡಗಳ ನಡುವೆ ಅಡಗಿಸಿಟ್ಟ ಧ್ವನಿವರ್ಧಕಗಳು, ನಡೆದಾಡುವವರ ಚಲನೆಗೆ ಸ್ಪಂದಿಸುವ ಸಂವೇದಕಗಳು. ಕೇಳುಗ ಯಾವ ಹಾದಿ ಹಿಡಿದನೋ ಅದಕ್ಕೆ ತಕ್ಕ ಸಂಗೀತ. ಅಂಗಳದಲ್ಲಿ ಅಡ್ಡಾಡುವವರಿಗೆ ನುಡಿಸುತ್ತಿದ್ದವನ ಸಂಗೀತವನ್ನು ಕುರ್ಚಿಗಳ ಸಾಲಿನಿಂದ ಬಿಡಿಸಿ ಮತ್ತೆ ಅಡ್ಡಾಡುವವರಿಗೇ ತಲುಪಿಸಿದ ಈ ಉಪಾಯ ಬರಿಯ ತಂತ್ರಜ್ಞಾನದ ಚಮತ್ಕಾರವಲ್ಲ, ಪರಂಪರೆಯನ್ನು ಸರಿಯಾಗಿ ಓದಿಕೊಂಡವರಿಗೆ ಮಾತ್ರ ಹೊಳೆಯುವಂಥದ್ದು.

ರಂಗಭೂಮಿಗೂ ಅವರು ಬರೆದಿದ್ದಾರೆ. ಮೂಲನಿವಾಸಿ ಜಲವರ್ಣ ಚಿತ್ರಕಾರ ಆಲ್ಬರ್ಟ್ ನಮಜಿರಾ ಅವರ ಬದುಕನ್ನು ಕುರಿತ, 2010ರಲ್ಲಿ ಸಿಡ್ನಿಯಲ್ಲಿ ಮೊದಲ ಪ್ರದರ್ಶನ ಕಂಡ ‘ನಮಜಿರಾ’ ನಾಟಕಕ್ಕೆ ಸಂಗೀತ ರಚಿಸಿ, ರಂಗದ ಮೇಲೆಯೇ ನುಡಿಸಿದರು. ಚಿತ್ರಕಾರನ ವಂಶಸ್ಥರು ಹಿಂಬದಿಯ ಪರದೆಯ ಮೇಲೆ ಸೀಮೆಸುಣ್ಣದಿಂದ ಬೆಟ್ಟಗಳನ್ನು ಬಿಡಿಸುತ್ತಿದ್ದರೆ ಪಕ್ಕದಲ್ಲಿ ಒಂಟಿ ರೆಕಾರ್ಡರ್. ಸಾವಿರಾರು ಜನರ ಸಭಾಂಗಣದಲ್ಲಿ ಕೊರತೆಯಾಗಿ ಕಾಣುವ ಅದರ ಸಣ್ಣ ದನಿ ಇಂಥ ಕಡೆ ಶಕ್ತಿಯಾಗುತ್ತದೆ.

ಅವರ ಎಲ್ಲ ಕೆಲಸವೂ ನನಗೆ ಸಮಾನವಾಗಿ ಹಿಡಿಸಿದೆ ಎನ್ನಲಾರೆ. ಸ್ಥಳಕ್ಕೆಂದೇ ಕಟ್ಟಿದ ಸಂಗೀತ ಆ ಸ್ಥಳ ಬಿಟ್ಟು ಧ್ವನಿಮುದ್ರಿಕೆಗೆ ಬಂದಾಗ ಅಲ್ಲಲ್ಲಿ ತೆಳುವಾಗುತ್ತದೆ. ಕಿವಿಗೆ ಹಿತ, ಮನಸ್ಸಿನಲ್ಲಿ ನಿಲ್ಲುವುದು ಕಡಿಮೆ. ಆದ್ದರಿಂದ ಹೊಸದಾಗಿ ಕೇಳುವವರು ಅಲ್ಲಿಂದ ಆರಂಭಿಸದೆ ಮೊದಲು ತ್ಯೂರ್ ಕೃತಿಯನ್ನು, ಅನಂತರ ಫಾನ್ ಐಕ್‌ನ ವಿಸ್ತಾರಗಳನ್ನು ಕೇಳಿ, ಕೊನೆಗೆ ಅವರ ಸ್ವಂತ ರಚನೆಗಳಿಗೆ ಬರುವುದು ಮೇಲು. ತಮ್ಮ ಪುರವಣಿಯ ಮುಂದಿನ ಕಂತುಗಳಲ್ಲಿ ವಾದ್ಯಗಳ ಜೊತೆಗೆ ಅವುಗಳನ್ನು ಇಂದು ನುಡಿಸುತ್ತಿರುವವರ ಪರಿಚಯಕ್ಕೂ ಅರ್ಧ ಪುಟ ಮೀಸಲಿಡಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಮೈಸೂರು