ಹಿತ್ತಾಳೆ ಕೀಕ್ಯಾಪ್‌ಗೆ ಇನ್ನು ಲ್ಯಾಕರ್ ಇಲ್ಲ. ಶುಚಿ ಮಾಡುವ ಕ್ರಮವೂ ಬೇರೆ

ಮಾನ್ಯ ಗ್ರಾಹಕರೇ,

ಮುಂದಿನ ಬ್ಯಾಚಿನಿಂದ ನಮ್ಮ ಹಿತ್ತಾಳೆ ಕೀಕ್ಯಾಪ್‌ಗಳ (ಕೀಬೋರ್ಡಿನ ಕೀಗಳಿಗೆ ತೊಡಿಸುವ, ಬೆರಳು ತಾಗುವ ಟೋಪಿಗಳ) ಮೇಲೆ ಲ್ಯಾಕರ್, ಅಂದರೆ ಪಾರದರ್ಶಕ ರಕ್ಷಣಾ ಲೇಪ, ಇರುವುದಿಲ್ಲ. ಪಾಲಿಶ್ ಮಾಡಿದ ಲೋಹಕ್ಕೆ ತೆಳುವಾಗಿ ಮೇಣ ಉಜ್ಜಿ ಕಳುಹಿಸುತ್ತೇವೆ, ಜೊತೆಗೆ ಅದೇ ಮೇಣದ ಸಣ್ಣ ಡಬ್ಬಿ ಇರುತ್ತದೆ. ಬೆಲೆ ಹಿಂದಿನದೇ. ಅಲ್ಯೂಮಿನಿಯಂ ಸೆಟ್‌ಗಳಲ್ಲಿ ಬದಲಾವಣೆ ಇಲ್ಲ. ಹಿತ್ತಾಳೆಯನ್ನು ನೀವು ಶುಚಿ ಮಾಡುವ ರೀತಿ ಮಾತ್ರ ಬದಲಾಗಬೇಕಾಗುತ್ತದೆ.

ಲ್ಯಾಕರ್ ಕೆಟ್ಟದ್ದೇನಲ್ಲ. ಬಾಗಿಲ ಮೇಲಿನ ಹೆಸರಿನ ಫಲಕಕ್ಕೆ ಹಚ್ಚಿದರೆ ವರ್ಷಗಟ್ಟಲೆ ಬಾಳುತ್ತದೆ. ದಿನವಿಡೀ ಬೆರಳು ಬಡಿಯುವ ಜಾಗದಲ್ಲಿ ಬಾಳುವುದಿಲ್ಲ. ಮೊದಲು ಸವೆಯುವುದು ಅಂಚುಗಳು: ಸ್ಪೇಸ್‌ಬಾರ್‌ಗೆ ಹೆಬ್ಬೆರಳು ತಾಗುವ ಬದಿ, ಎಡಗಡೆಯ ಶಿಫ್ಟ್, ಎಂಟರ್. ಅಲ್ಲಿ ಕಣ್ಣಿಗೆ ಕಾಣದಷ್ಟು ಸೀಳು ಬಿಟ್ಟರೂ ಸಾಕು, ಬೆವರಿನ ಉಪ್ಪು ಒಳಹೊಕ್ಕು ಲ್ಯಾಕರಿನ ಅಡಿಯಲ್ಲೇ ಹರಡುತ್ತದೆ. ಆಮೇಲೆ ಮೇಲಿಂದ ಎಷ್ಟು ಒರೆಸಿದರೂ ಕಲೆ ಹೋಗದು, ಏಕೆಂದರೆ ಅದು ಪದರದ ಕೆಳಗಿದೆ. ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್ ಒಣಗುವ ಮುನ್ನವೇ ಟೈಪ್ ಮಾಡುವವರಲ್ಲಿ ಲ್ಯಾಕರ್ ಇನ್ನೂ ಬೇಗ ಮಂಕಾಗುತ್ತದೆ. ಬರೀ ಹಿತ್ತಾಳೆಯೂ ಕಪ್ಪಾಗುತ್ತದೆ ನಿಜ. ಆದರೆ ಆ ಕಪ್ಪನ್ನು ಮನೆಯಲ್ಲೇ ತೆಗೆಯಬಹುದು.

ನಿಮ್ಮಲ್ಲಿರುವುದು ಯಾವ ಬಗೆಯದು ಎಂದು ಗೊತ್ತಾಗದಿದ್ದರೆ ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ವಿದ್ಯುತ್ ಹರಿದರೆ ಬೀಪ್ ಎನ್ನುವ ಸೆಟ್ಟಿಂಗ್‌ಗೆ) ಇಟ್ಟು, ಕೀಕ್ಯಾಪಿನ ಪಕ್ಕದ ಗೋಡೆಯ ಕೆಳಭಾಗಕ್ಕೆ ಎರಡೂ ಪ್ರೋಬ್‌ಗಳನ್ನು ಮೆಲ್ಲಗೆ ತಾಗಿಸಿ. ಬೀಪ್ ಬಂದರೆ ಬರೀ ಲೋಹ, ಬರದಿದ್ದರೆ ಲ್ಯಾಕರ್. ಒತ್ತಿ ಗೀರಬೇಡಿ, ಗೀರಿದರೆ ಲ್ಯಾಕರ್ ಇದ್ದರೂ ಬೀಪ್ ಬರುತ್ತದೆ. ಮಲ್ಟಿಮೀಟರ್ ಇಲ್ಲದವರು ಬಿಳಿ ಬಟ್ಟೆಗೆ ಚೂರು ಮೆಟಲ್ ಪಾಲಿಶ್ ತಾಗಿಸಿ ಒಂದು ಮೂಲೆಯಲ್ಲಿ ಉಜ್ಜಿ ನೋಡಬಹುದು. ಬರೀ ಹಿತ್ತಾಳೆಯಾದರೆ ಬಟ್ಟೆ ತಕ್ಷಣ ಕಪ್ಪಾಗುತ್ತದೆ.

ಕೀಕ್ಯಾಪ್ ತೆಗೆಯುವ ಮುನ್ನ ಕೀಬೋರ್ಡಿನ ಕೇಬಲ್ ಕಳಚಿ, ಕೀಗಳ ಜೋಡಣೆಯ ಫೋಟೋ ತೆಗೆದುಕೊಳ್ಳಿ. ಕಗಪ ವಿನ್ಯಾಸದ ಕನ್ನಡ ಅಕ್ಷರದ ಸೆಟ್ ಇರುವವರಿಗೆ ಈ ಮಾತು ಹೆಚ್ಚು ಅನ್ವಯ. ಕೀಕ್ಯಾಪ್ ಎಳೆದು ತೆಗೆಯಲು ಪ್ಲಾಸ್ಟಿಕ್ ಉಂಗುರದ ಪುಲ್ಲರ್ ಬೇಡ, ಅದು ಪಕ್ಕದ ಗೋಡೆಯನ್ನು ಉಜ್ಜುತ್ತದೆ. ತಂತಿಯ ಪುಲ್ಲರನ್ನು ಎದುರುಬದುರು ಮೂಲೆಗಳಿಗೆ ಸಿಕ್ಕಿಸಿ ನೇರವಾಗಿ ಮೇಲಕ್ಕೆತ್ತಿ. ಹಾಟ್‌ಸ್ವಾಪ್ ಬೋರ್ಡ್ (ಕೀಕ್ಯಾಪಿನ ಕೆಳಗಿನ ಸ್ವಿಚ್ಚನ್ನು ಬೆಸುಗೆಯಿಲ್ಲದೆ ಸಾಕೆಟ್ಟಿಗೆ ಸಿಗಿಸಿರುವಂಥದ್ದು) ಆದರೆ ಬಿಗಿಯಾಗಿ ಕೂತ ಕೀಕ್ಯಾಪ್ ಸ್ವಿಚ್ಚನ್ನೂ ಕಿತ್ತುಕೊಂಡು ಬರಬಹುದು. ಹಾಗಾದಾಗ ಅದನ್ನು ಹಾಗೇ ವಾಪಸ್ ಒತ್ತಬೇಡಿ. ಸ್ವಿಚ್ಚಿನ ಎರಡು ಪಿನ್ನುಗಳು ನೆಟ್ಟಗಿವೆಯೇ ಎಂದು ಮೊದಲು ನೋಡಿ, ಡೊಂಕಾದ ಪಿನ್ನನ್ನು ಒತ್ತಿದರೆ ಅದು ಸಾಕೆಟ್ಟಿಗೆ ಹೋಗದೆ ಸ್ವಿಚ್ಚಿನ ಅಡಿಗೆ ಮಡಚಿಕೊಳ್ಳುತ್ತದೆ.

ತಿಂಗಳಿಗೊಮ್ಮೆ ಮಾಡುವ ಶುಚಿಗೆ ಸೋಪಿನ ನೀರೇ ಸಾಕು. ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 4-5 ಹನಿ. ಅದರಲ್ಲಿ ಐದು ನಿಮಿಷ ಬಿಟ್ಟು, ಮೆತ್ತನೆಯ ಟೂತ್‌ಬ್ರಷ್‌ನಿಂದ ಅಕ್ಷರದ ಗೀರುಗಳನ್ನೂ ಒಳಮೂಲೆಗಳನ್ನೂ ಉಜ್ಜಿ. ಕುದಿಯುವ ನೀರು ಬೇಡ, ರಾತ್ರಿಯಿಡೀ ನೆನೆಸುವುದೂ ಬೇಡ. ಕೀಕ್ಯಾಪಿನ ನಡುವೆ ಸ್ವಿಚ್ಚಿಗೆ ಸಿಗಿಸುವ, ಪ್ಲಸ್ ಆಕಾರದ ತೂತಿರುವ ತುಂಡು ಪ್ಲಾಸ್ಟಿಕ್ಕಿನದು, ಒತ್ತಿ ಕೂರಿಸಿ ಅಂಟು ಹಾಕಿದ್ದು. ಬಿಸಿಗೆ ಆ ಅಂಟು ಸಡಿಲವಾಗುತ್ತದೆ. ಅಲ್ಟ್ರಾಸಾನಿಕ್ ಕ್ಲೀನರ್ ಬೇಡವೆನ್ನುವುದೂ ಇದೇ ಕಾರಣಕ್ಕೆ.

ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಕೊನೆಯ ಜಾಲಿಕೆಗೆ ಡಿಸ್ಟಿಲ್ಡ್ ವಾಟರ್ ಬಳಸಿ. ಇನ್ವರ್ಟರ್ ಬ್ಯಾಟರಿಗೆ ಹಾಕಲು ಮಾರುವ ನೀರು ಅದೇ. ತೊಳೆದ ತಕ್ಷಣ ಹತ್ತಿ ಬಟ್ಟೆಯಿಂದ ಒರೆಸಿ, ಪ್ಲಸ್ ತೂತಿನ ನೀರನ್ನು ಕೊಡವಿ, ತೂತು ಕೆಳಮುಖವಾಗಿರುವಂತೆ ಬಟ್ಟೆಯ ಮೇಲಿಟ್ಟು ರಾತ್ರಿಯಿಡೀ ಫ್ಯಾನಿನ ಗಾಳಿಗೆ ಬಿಡಿ. ಹೊರಗೆ ಒಣಗಿದಂತೆ ಕಂಡರೂ ಆ ಸಣ್ಣ ತೂತಿನಲ್ಲಿ ನೀರು ನಿಂತಿರುತ್ತದೆ, ಹಾಕಿದೊಡನೆ ಸ್ವಿಚ್ಚಿನೊಳಗೆ ಇಳಿಯುತ್ತದೆ.

ಇನ್ನು ಕಪ್ಪು ತೆಗೆಯುವುದು. ತಪ್ಪು ಆಗುವುದೆಲ್ಲ ಇಲ್ಲೇ. ದಪ್ಪ ಹತ್ತಿ ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹಾಸಿ, ಕಡಲೆಕಾಳಿನಷ್ಟು ಮೆಟಲ್ ಪಾಲಿಶ್ ಹಾಕಿ, ಕೀಕ್ಯಾಪನ್ನು ಬೋರಲು ಹಿಡಿದು ಬಟ್ಟೆಯ ಮೇಲೆ ಉಜ್ಜಿ. ಬಟ್ಟೆಯನ್ನು ಬೆರಳಿಗೆ ಸುತ್ತಿ ಉಜ್ಜಿದರೆ ಅಂಚುಗಳು ಉರುಟಾಗುತ್ತವೆ, ಒಮ್ಮೆ ಉರುಟಾದ ಅಂಚು ಮತ್ತೆ ಬರುವುದಿಲ್ಲ. ಗೆರೆಗೆರೆಯ ಬ್ರಷ್ಡ್ ಫಿನಿಶ್ ಆದರೆ ಗೆರೆ ಹೋದ ದಿಕ್ಕಿಗೇ ಉಜ್ಜಿ, ಸುತ್ತು ಹಾಕಬೇಡಿ. ಅಕ್ಷರದ ಗೀರಿನಲ್ಲಿ, ಅದರಲ್ಲೂ ಕನ್ನಡ ಅಕ್ಷರಗಳ ತಿರುವುಗಳಲ್ಲಿ, ಪಾಲಿಶ್ ಬಿಳಿಯಾಗಿ ಗಟ್ಟಿಕಟ್ಟುತ್ತದೆ. ಒಣಗುವ ಮುನ್ನವೇ ಸೋಪು ನೀರಿನ ಬ್ರಷ್ ಆಡಿಸಿ.

ಪಾಲಿಶ್ ಕೊಳ್ಳುವಾಗ ಅಮೋನಿಯ ಇಲ್ಲದ್ದನ್ನು ಆರಿಸಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯವರು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದಿಂದ ಏಳುವ ಅಮೋನಿಯ, ಲೋಹದೊಳಗೆ ಉಳಿದ ಎಳೆತ, ಇವೆರಡೂ ಸೇರಿದ್ದೇ ಕಾರಣವೆಂದು 1921ರಲ್ಲಿ ಗೊತ್ತಾಯಿತು. ಒಮ್ಮೆ ಉಜ್ಜಿ ಪೂರ್ತಿ ತೊಳೆದರೆ ನಮ್ಮ ಕೀಕ್ಯಾಪಿಗೆ ಅಂಥ ಅಪಾಯವೇನಿಲ್ಲ. ಆದರೆ ಪ್ಲಾಸ್ಟಿಕ್ ತುಂಡನ್ನು ಒತ್ತಿ ಕೂರಿಸಿರುವ ನಡುಗೊಳವೆಯಲ್ಲಿ ಸದಾ ಸ್ವಲ್ಪ ಎಳೆತ ಇದ್ದೇ ಇರುತ್ತದೆ. ಪಾಲಿಶ್ ಅಲ್ಲಿ ಉಳಿಯಬಾರದು. ಗಾಜು ಒರೆಸುವ ಹಲವು ದ್ರವಗಳಲ್ಲೂ ಅಮೋನಿಯ ಇರುತ್ತದೆ, ಕೀಬೋರ್ಡ್ ಮೇಲೆ ಸಿಂಪಡಿಸಬೇಡಿ.

ಹುಣಸೆಹಣ್ಣು ಆಗುತ್ತದೆಯೇ ಎಂದು ಬಹಳ ಮಂದಿ ಕೇಳುತ್ತಾರೆ. ಕಪ್ಪು ಹೋಗುತ್ತದೆ, ಸಂಶಯವಿಲ್ಲ. ತೊಂದರೆ ಎರಡು: ತಿರುಳು ಪ್ಲಸ್ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಹುಳಿಯು ಮೇಲ್ಮೈಯ ಸತುವನ್ನು ಕರಗಿಸಿ ತಾಮ್ರದ ನಸುಗೆಂಪು ಬಣ್ಣ ತರುತ್ತದೆ. ಹುಳಿಯೇ ಬೇಕೆಂದರೆ 250 ಮಿಲಿ ನೀರಿಗೆ 5 ಗ್ರಾಂ ನಿಂಬೆ ಉಪ್ಪು ಕರಗಿಸಿ, ಎರಡೇ ನಿಮಿಷ ಅದ್ದಿ ತೆಗೆಯಿರಿ. ನಂತರ ಲೀಟರ್ ನೀರಿಗೆ ಅರ್ಧ ಚಮಚ ಅಡುಗೆ ಸೋಡ ಹಾಕಿ ಜಾಲಿಸಿ. ಅಡುಗೆ ಉಪ್ಪು ಸೇರಿಸಬೇಡಿ. ನಸುಗೆಂಪು ಬಂದಿದ್ದರೆ ಪಾಲಿಶ್‌ಗೆ ಹೋಗುತ್ತದೆ.

ಇನ್ನೊಂದು ವಿಷಯ. ಮೆಷಿನ್ನಿನಲ್ಲಿ ಸಲೀಸಾಗಿ ಕಡೆಯಲು ಬರಲೆಂದು ಈ ಬಗೆಯ ಹಿತ್ತಾಳೆಗೆ ಸುಮಾರು ಶೇ. 3ರಷ್ಟು ಸೀಸ ಬೆರೆಸಿರುತ್ತಾರೆ. ಪಾಲಿಶ್ ಮಾಡುವಾಗ ಬರುವ ಕಪ್ಪಿನಲ್ಲಿ ಅದೂ ಇರುತ್ತದೆ. ಕೈಗವಸು ಹಾಕಿ, ಬಟ್ಟೆಯನ್ನು ಎಸೆಯಿರಿ, ಅಡುಗೆಮನೆಯ ಸಿಂಕಿನಲ್ಲಿ ಈ ಕೆಲಸ ಬೇಡ. ಟೈಪ್ ಮಾಡುತ್ತಾ ಕುರುಕಲು ತಿನ್ನುವ ಅಭ್ಯಾಸವಿದ್ದರೆ ಪ್ಲಾಸ್ಟಿಕ್ ಕೀಕ್ಯಾಪೇ ಮೇಲು ಎಂದು ನೇರವಾಗಿ ಹೇಳುತ್ತೇವೆ.

ಮೇಣ ಹಚ್ಚುವುದು ಸುಲಭ. ನಾಲ್ಕು ಕೀಗಳಿಗೆ ಒಂದು ಅಕ್ಕಿಕಾಳಿನಷ್ಟು. ತೆಳುವಾಗಿ ಸವರಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ತಿಕ್ಕಿ. ದಪ್ಪ ಹಚ್ಚಿದರೆ ಬೆರಳಿಗೆ ಅಂಟು ಅಂಟು. ಪ್ಲಸ್ ತೂತಿಗೆ ತಾಗದಿರಲಿ, ತಾಗಿದರೆ ಕೀಕ್ಯಾಪ್ ಬಿಗಿಯಾಗಿ ಕೂರದು. ಮೇಣ ಬೆವರನ್ನು ತಡಮಾಡುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಹೆಚ್ಚು ಒತ್ತುವ ಕೀಗಳಿಗೆ ಎರಡು-ಮೂರು ತಿಂಗಳಿಗೊಮ್ಮೆ ಹಚ್ಚಬೇಕಾದೀತು. ಹಚ್ಚದೆ ಹಾಗೇ ಬಿಟ್ಟರೆ ಬೆರಳು ಸದಾ ಆಡುವ ಕೀಗಳು ಹೊಳೆಯುತ್ತ, ಮೇಲಿನ ಎಫ್1, ಎಫ್2 ಸಾಲಿನವು ಕಂದಾಗುತ್ತವೆ. ನಮಗಂತೂ ಅದೇ ಚೆಂದ ಕಾಣುತ್ತದೆ.

ಇಷ್ಟೂ ಹಿತ್ತಾಳೆಗೆ ಮಾತ್ರ. ಆನೊಡೈಸ್ ಆದ (ವಿದ್ಯುತ್ತಿನಿಂದ ಮೇಲ್ಮೈಯಲ್ಲಿ ಗಟ್ಟಿ ಆಕ್ಸೈಡ್ ಪದರ ಬೆಳೆಸಿದ) ಅಲ್ಯೂಮಿನಿಯಂಗೆ ಸೋಪು ನೀರು ಬಿಟ್ಟು ಬೇರೇನೂ ಬೇಡ. ಪಾಲಿಶ್ ಬಣ್ಣದ ಪದರವನ್ನೇ ಸವೆಸುತ್ತದೆ, ಹುಳಿ ಮತ್ತು ವಾಷಿಂಗ್ ಸೋಡ ಎರಡೂ ಅದನ್ನು ತಿನ್ನುತ್ತವೆ. ಬೇರೆಡೆ ಕೊಂಡ ಅಗ್ಗದ ಲೋಹದ ಕೀಕ್ಯಾಪ್‌ಗಳು ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕಕ್ಕೆ ಲೇಪ ಕೊಟ್ಟವು. ಅವಕ್ಕೂ ಪಾಲಿಶ್ ಬೇಡ, ಲೇಪ ಸವೆದ ಕಡೆ ಬಿಳಿ ಪುಡಿ ಏಳುತ್ತದೆ.

ಹಳೆಯ ಲ್ಯಾಕರ್ ಸೆಟ್ ಇರುವವರು ಲ್ಯಾಕರ್ ಸರಿಯಾಗಿರುವವರೆಗೆ ಸೋಪು ನೀರಿನಲ್ಲೇ ಮುಂದುವರಿಸಿ. ಕಲೆ ಬಿದ್ದಿದ್ದರೆ ನಮಗೆ ಕಳುಹಿಸಿ. ಲ್ಯಾಕರ್ ತೆಗೆದು, ಪಾಲಿಶ್ ಮಾಡಿ, ಮೇಣ ಹಚ್ಚಿ ಕೊಡುತ್ತೇವೆ, ಕೊರಿಯರ್ ಖರ್ಚು ಮಾತ್ರ ನಿಮ್ಮದು. ಮನೆಯಲ್ಲಿ ಅಸಿಟೋನಿನಲ್ಲಿ ಅದ್ದಬೇಡಿ. ಲ್ಯಾಕರ್ ಕರಗುತ್ತದೆ, ಜೊತೆಗೆ ಅಕ್ಷರಕ್ಕೆ ತುಂಬಿದ ಬಣ್ಣವೂ ನಡುವಿನ ಎಬಿಎಸ್ ಪ್ಲಾಸ್ಟಿಕ್ ತುಂಡೂ ಕರಗುತ್ತವೆ.

ಕಳುಹಿಸುವಾಗ ಸ್ವಿಚ್ ಬೇಡ, ಕೀಕ್ಯಾಪ್ ಮಾತ್ರ. ಒಂದಕ್ಕೊಂದು ತಾಗದಂತೆ ಟಿಶ್ಯೂ ಕಾಗದದಲ್ಲಿ ಬಿಡಿಬಿಡಿಯಾಗಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನಲ್ಲಿರುವ ಗಂಧಕ ಬರೀ ಹಿತ್ತಾಳೆಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ.

ಇಂತಿ,
ಕೀಕ್ಯಾಪ್ ತಯಾರಿಕಾ ವಿಭಾಗ