ಸೀತಮ್ಮನ ಮುಖ: ಗೆಳೆಯನಿಗೊಂದು ಪತ್ರ

ತುಮಕೂರು

ಪ್ರಿಯ ಗೆಳೆಯ,

ನಿನ್ನ ತಂಗಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸುತ್ತಿದ್ದಾಳೆ, ಚಿತ್ರವನ್ನೂ ಬರೆಯುತ್ತಾಳೆ, ಹಾಗಾಗಿ ನನ್ನಂತೆ ಕಲಾ ಸಂರಕ್ಷಣೆಯನ್ನು, ಅಂದರೆ ಹಳೆಯ ಚಿತ್ರ, ಕಲಾಕೃತಿಗಳನ್ನು ಹಾಳಾಗದಂತೆ ಕಾಪಾಡುವ ವಿದ್ಯೆಯನ್ನು, ಓದಬಹುದೇ ಎಂದು ಕೇಳಿದ್ದೆ. ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕೈದು ಜನ ಕೇಳಿರುವುದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ. ನಿನ್ನ ನೀಲಿ ಸ್ವೆಟರಿನ ಸುದ್ದಿಯನ್ನು ಮಾತ್ರ ಎತ್ತುವುದಿಲ್ಲ, ಆಣೆ.

ಖಂಡಿತ ಓದಲಿ. ಚಿತ್ರ ಬರೆಯುವ ಕೈ ಇದ್ದರೆ ಸಾಕೆಂದು ನಾನು ತಿಳಿದಿದ್ದೆ. ಸೇರಿದ ಮೇಲೆ ನನ್ನನ್ನು ಕಾಡಿದ್ದು ಅವಳಿಗೆ ಈಗಾಗಲೇ ಒಲಿದಿರುವ ರಸಾಯನಶಾಸ್ತ್ರವೇ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಲ್ಲಿನಂತೆ ಗಟ್ಟಿಯಾಗುವುದು ಹೇಗೆ, ಗೋಡೆಯೊಳಗಿನ ತೇವ ಆರುವಾಗ ಉಪ್ಪು ಹರಳುಗಟ್ಟಿ ಮೇಲಿನ ಬಣ್ಣವನ್ನು ಹೇಗೆ ಎಬ್ಬಿಸುತ್ತದೆ, ಹಳೆಯ ಗಾರೆಯ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಆ ತೇವ ಹೊರಬರಲು ದಾರಿ ಕಾಣದೆ ಚಿತ್ರವಿರುವ ಕಡೆಗೇ ಏಕೆ ತಿರುಗುತ್ತದೆ, ಇವೆಲ್ಲ ತಿಳಿಯದೆ ಸೀಬಿಯ ನರಸಿಂಹಸ್ವಾಮಿ ದೇವಸ್ಥಾನದ ಚಾವಣಿ ಚಿತ್ರಗಳ ಕೆಳಗೆ ನಿಂತರೆ ನಮಗೆ ಕಾಣುವುದು ಬಣ್ಣ ಮತ್ತು ಮಸಿ ಮಾತ್ರ. ಶಿರಾ ರಸ್ತೆಯಲ್ಲಿ ಎಷ್ಟು ಸಲ ನಾವಿಬ್ಬರೂ ಅದರ ಪಕ್ಕದಲ್ಲೇ ಹಾದುಹೋದೆವು, ಒಂದು ಸಲವಾದರೂ ಇಳಿಯಲಿಲ್ಲವಲ್ಲ!

ಕೆಲಸದ ಮಾತನ್ನು ನಿಮ್ಮ ತಂದೆಯವರು ಕೇಳಿಯೇ ಕೇಳುತ್ತಾರೆ. 1976ರಲ್ಲಿ ಲಖನೌದಲ್ಲಿ ಆರಂಭವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತನ್ನದೇ ವಿಜ್ಞಾನ ಶಾಖೆಯಿದೆ. ಆದರೆ ಕಾಯಂ ಹುದ್ದೆ ಸಿಗುವುದು ಕಷ್ಟ. ಬಹಳ ಮಂದಿ ಗುತ್ತಿಗೆಯ ಮೇಲೆ, ಒಂದು ಕೆಲಸ ಮುಗಿದು ಇನ್ನೊಂದು ಬರುವವರೆಗೆ ಕಾಯುತ್ತಾ ಬದುಕುತ್ತಾರೆ. ಇದನ್ನು ಅವಳಿಗೆ ಮುಚ್ಚಿಡಬೇಡ.

ಮುಚ್ಚಿಡುವ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳುತ್ತೇನೆ.

ನಮಗೆ ಮೊದಮೊದಲು ಕಲಿಸಿದ್ದು ಒಂದು ಸಣ್ಣ ಪರೀಕ್ಷೆ. ಯಾವುದೇ ಚಿತ್ರವನ್ನು ಶುಚಿಮಾಡುವ ಮುನ್ನ, ಕಡ್ಡಿಗೆ ಸುತ್ತಿದ ಚೂರು ಹತ್ತಿಯನ್ನು ತೇವಮಾಡಿ, ಕಣ್ಣಿಗೆ ಬೀಳದ ಒಂದು ಅಂಚಿನಲ್ಲಿ ಪ್ರತಿಯೊಂದು ಬಣ್ಣದ ಮೇಲೂ ಬೇರೆ ಬೇರೆಯಾಗಿ ಹೊರಳಿಸಿ ನೋಡಬೇಕು. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಗೋಂದಿನಲ್ಲಿ ಕಲಸಿದ ಬಣ್ಣ ಎಷ್ಟು ಹಳೆಯದಾದರೂ ನೀರಿಗೆ ಕರಗಬಲ್ಲದು. ಆ ದಿನ ತರಗತಿಯಲ್ಲಿ ನನ್ನ ಕೈ ತಣ್ಣಗಾಯಿತು.

ನಮ್ಮ ದೇವರ ಮನೆಯ ರಾಮಪಟ್ಟಾಭಿಷೇಕದ ಪಟವನ್ನು ನೀನು ನೋಡಿದ್ದೀಯ. ಅಜ್ಜಿಯ ತವರಿನಿಂದ ಬಂದದ್ದು, ಮೈಸೂರು ಶೈಲಿಯದು, ಚಿನ್ನದ ರೇಕಿನ ಉಬ್ಬುಗೆಲಸವಿರುವುದು. ಬಿ.ವಿ.ಎ. (ದೃಶ್ಯಕಲಾ ಪದವಿ) ಎರಡನೆಯ ವರ್ಷದಲ್ಲಿದ್ದಾಗ, ಅಳಿಸಿಹೋಗಿದ್ದ ಸೀತಮ್ಮನ ಮುಖವನ್ನು ನಾನು ಅಕ್ರಿಲಿಕ್ ಬಣ್ಣದಲ್ಲಿ ಮತ್ತೆ ಬರೆದೆನೆಂದು ಮನೆಯವರೆಲ್ಲ ಹೇಳಿಕೊಂಡರು. ನೀನೂ ಬೆನ್ನು ತಟ್ಟಿದ್ದೆ. ಹಳೆಯ ಬಣ್ಣದ ಮೇಲೆ ಅಕ್ರಿಲಿಕ್ ಹಚ್ಚಿದ್ದು ತಪ್ಪೆಂದಷ್ಟೇ ಇಲ್ಲಿ ಬರೆಯಬೇಕೆಂದಿದ್ದೆ. ಆದರೆ ಆ ಮುಖ ಅಳಿಸಿಹೋಗಿರಲಿಲ್ಲ. ಗಾಜು ತೆಗೆದು, ದೀಪದ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದವನು ನಾನು. ಬಟ್ಟೆಗೆ ಮೊದಲು ಕಪ್ಪು ಬಂತು, ಆಮೇಲೆ ತಿಳಿಗೆಂಪು ಬಂತು. ಅದನ್ನು ನೋಡಿಯೂ ಇನ್ನೊಮ್ಮೆ ಒರೆಸಿದೆ.

ಆಮೇಲೆ ಸಂರಕ್ಷಣೆ ಓದಲೆಂದು ಹೋದ ವಿಶ್ವವಿದ್ಯಾಲಯದ ಪ್ರವೇಶ ಸಂದರ್ಶನದಲ್ಲಿ ನಾನು ತೋರಿಸಿದ್ದು ಆ ಪಟದ ಎರಡು ಫೋಟೋಗಳನ್ನೇ. ದುರಸ್ತಿಗೆ ಮೊದಲಿನದೆಂದು ತೋರಿಸಿದ ಫೋಟೋ ಒರೆಸಿದ ಮೇಲೆ ತೆಗೆದದ್ದು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಜ್ಜಿ ಮಾತ್ರ ಒಂದು ಸಂಜೆ ದೀಪ ಹಚ್ಚುತ್ತಾ, "ನಮ್ಮಮ್ಮ ದಿನಾ ನೋಡ್ತಿದ್ದ ಮುಖ ಇದಲ್ಲ ಕಣೋ" ಎಂದಿದ್ದರು. ಮತ್ತೆಂದೂ ಆ ಮಾತೆತ್ತಲಿಲ್ಲ. ಮರುವರ್ಷ ಅವರೂ ಇರಲಿಲ್ಲ. ಮುಂದೆಂದಾದರೂ ತೆಗೆದುಹಾಕಲು ಬರುವಂಥ ವಸ್ತುವನ್ನೇ ಬಳಸಬೇಕೆಂದು ಈ ವಿದ್ಯೆಯಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ನನ್ನ ಅಕ್ರಿಲಿಕ್ಕನ್ನು ಹೇಗೋ ತೆಗೆದೆನೆಂದೇ ಇಟ್ಟುಕೋ, ಅದರ ಕೆಳಗೆ ಏನಿದೆ?

ಈ ರಜೆಯಲ್ಲಿ ಪಟವನ್ನು ಇಳಿಸಿ, ತರಗತಿಯಲ್ಲಿ ಮಾಡುವಂತೆಯೇ ಅದರ ಸ್ಥಿತಿಯ ವರದಿ ಬರೆದೆ. ಹಲಗೆ, ಬಟ್ಟೆ, ಕಾಗದ, ರೇಕು, ಪ್ರತಿಯೊಂದರ ಅಳತೆ ಮತ್ತು ಹಾನಿ. ಸೀತೆಯ ಮುಖವೆಂಬಲ್ಲಿ, ಒದ್ದೆ ಬಟ್ಟೆಯಿಂದ ಒರೆಸಿದ್ದರಿಂದ ಮೂಲ ಬಣ್ಣ ಸಂಪೂರ್ಣ ನಷ್ಟ ಎಂದು ಬರೆದು, ಒರೆಸಿದವರ ಹೆಸರಿನ ಮುಂದೆ ನನ್ನ ಹೆಸರನ್ನು ಹಾಕಿದ್ದೇನೆ. ಅಮ್ಮನಿಗೆ ಇನ್ನೂ ಓದಿ ಹೇಳಿಲ್ಲ. ಈ ಪತ್ರ ಅವರ ಫೋನಿಗೆ ತಲುಪುವ ಮೊದಲೇ, ಇವತ್ತು ರಾತ್ರಿ ಊಟವಾದ ಮೇಲೆ ಹೇಳುತ್ತೇನೆ.

ನಿನ್ನ ತಂಗಿಯ ವಿಷಯ ಬರೆಯಲು ಕುಳಿತವನು ಎಲ್ಲಿಗೋ ಹೋದೆ. ಭಾನುವಾರ ಅವಳನ್ನೂ ಕರೆದುಕೊಂಡು ಬಾ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ನೇರವಾಗಿ ಸೀಬಿಗೆ ಹೋಗೋಣ, ಟಾರ್ಚ್ ನಾನು ತರುತ್ತೇನೆ. ಎರಡನೆಯ ಪ್ಲೇಟಿನ ಲೆಕ್ಕ ನಿನಗೆ ನೆನಪಿದೆಯಷ್ಟೆ? ಈ ಸಲವೂ ಮೇಷ್ಟ್ರ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ನಿನ್ನ ಗೆಳೆಯ