ಐರಿಸ್ ಕುಂಡವನ್ನು ತಿಪ್ಪೆಗೆ ಸುರಿಯಬೇಡಿ

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಕೈತೋಟದ ಅಂಕಣದಲ್ಲಿ ಐರಿಸ್ ಎಂಬ ಹೂಗಿಡದ ಬೀಜದ ಬಗ್ಗೆ ಓದುಗರೊಬ್ಬರಿಗೆ ಕೊಟ್ಟ ಉತ್ತರವನ್ನು ಎರಡು ಸಲ ಓದಿದೆ. ಪೊಟ್ಟಣವನ್ನು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಆಮೇಲೆ ಬಿತ್ತಿರಿ, ತಿಂಗಳೊಳಗೆ ಮೊಳೆಯದಿದ್ದರೆ ಬೀಜ ಜೊಳ್ಳೆಂದು ತಿಳಿದು ಕುಂಡ ಖಾಲಿ ಮಾಡಿರಿ ಎಂದಿದೆ. ನಾನು 31 ವರ್ಷ ಗಣಿತ ಕಲಿಸಿದವಳು. ಒಂದೇ ಲೆಕ್ಕದಲ್ಲಿ ಎರಡು ತಪ್ಪು ಕಂಡರೆ ಕೈ ತಾನಾಗಿ ಕೆಂಪು ಶಾಯಿಯ ಕಡೆಗೆ ಹೋಗುತ್ತದೆ.

ಮೊದಲ ತಪ್ಪು ಪೊಟ್ಟಣದ್ದು. ಐರಿಸ್ ಬೀಜಕ್ಕೆ ಬೇಕಾದದ್ದು ಒದ್ದೆ ಚಳಿ. ಶೀತಪ್ರದೇಶದ ಐರಿಸ್‌ಗಳ ಕಾಯಿ ಬಿರಿದು ಬೀಜ ಉದುರುವ ಹೊತ್ತಿಗೆ ಚಳಿಗಾಲ ಬಾಗಿಲಲ್ಲಿ ನಿಂತಿರುತ್ತದೆ. ಆಗಲೇ ಮೊಳೆತರೆ ಎಳೆಯ ಸಸಿ ಹಿಮಕ್ಕೆ ಸಿಕ್ಕಿ ಸುಟ್ಟು ಹೋಗುತ್ತದೆ. ಅದಕ್ಕೆಂದೇ ಮೊಳಕೆಯನ್ನು ತಡೆದು ಹಿಡಿಯುವ ರಾಸಾಯನಿಕಗಳು ಬೀಜದಲ್ಲಿವೆ. ಮಳೆ ನೀರು, ಹಿಮ ಕರಗಿದ ನೀರು ಅವನ್ನು ಸ್ವಲ್ಪಸ್ವಲ್ಪವಾಗಿ ತೊಳೆಯಬೇಕು. ನೀರು ಕುಡಿದು ಉಬ್ಬಿದ ಬೀಜ ವಾರಗಟ್ಟಲೆ ತಂಪಿನಲ್ಲಿ ಕಳೆಯಬೇಕು. ಒಣ ಪೊಟ್ಟಣದಲ್ಲಿರುವ ಬೀಜಕ್ಕೆ ಫ್ರಿಜ್ ಬರೀ ಉಗ್ರಾಣ. ಮೂರು ತಿಂಗಳಾದ ಮೇಲೂ ಅದು ಇಟ್ಟ ದಿನದಂತೆಯೇ ಇರುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಇಳಿಬಿದ್ದ ದಳಗಳ ಮೇಲೆ ಗಡ್ಡದಂತೆ ರೋಮವಿರುವ ‘ಗಡ್ಡದ ಐರಿಸ್‌’ನ ಒಣಗಿದ ಬೀಜ ಕರಿಮೆಣಸಿನ ಕಾಳಿನಂತೆ ಸುಕ್ಕುಗಟ್ಟಿರುತ್ತದೆ. ಅದನ್ನು ಬಟ್ಟಲಿನಲ್ಲಿ ಹತ್ತು ದಿನ ನೆನೆಹಾಕಿ ದಿನವೂ ನೀರು ಬದಲಿಸುತ್ತೇನೆ. ಮೊದಲ ದಿನಗಳಲ್ಲಿ ನೀರು ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ, ಬರಬರುತ್ತ ತಿಳಿಯಾಗುತ್ತದೆ. ಆಮೇಲೆ ಹಿಂಡಿದರೆ ತೊಟ್ಟಿಕ್ಕದಷ್ಟು ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಬೆರೆಸಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, 12 ವಾರ ಇಡುತ್ತೇನೆ. ಮೇಲಿನ ಮಂಜುಗಡ್ಡೆಯ ಖಾನೆ ಬೇಡ. ವಾರಕ್ಕೊಮ್ಮೆ ತೆರೆದು ಬೂಷ್ಟು ಹಿಡಿದ ಬೀಜಗಳನ್ನು ಎತ್ತಿ ಎಸೆಯುತ್ತೇನೆ. ಕೆಲವು ಡಬ್ಬಿಯೊಳಗೇ ಬಿಳಿ ಬೇರು ಚಾಚಿರುತ್ತವೆ. ಅವನ್ನು ಕೂಡಲೇ ಕುಂಡಕ್ಕೆ ಇಳಿಸಬೇಕು. ಡಬ್ಬಿಯ ಮೇಲೆ ಜಾತಿ, ತಾರೀಖು ಮಾತ್ರ ಬರೆಯುತ್ತಿದ್ದೆ. ಸೊಸೆ ಅದನ್ನು ಏನೋ ಮಸಾಲೆ ಎಂದುಕೊಂಡು ಮೂಸಿ ನೋಡಿದ ಮೇಲೆ ‘ತಿನ್ನುವುದಲ್ಲ’ ಎಂದೂ ಸೇರಿಸಿದ್ದೇನೆ.

ಚಳಿ ಚೆನ್ನಾಗಿ ಕೊರೆಯುವ ಕಡೆ ಇರುವವರಿಗೆ ಈ ಯಾವ ರಗಳೆಯೂ ಇಲ್ಲ. ಚಳಿಗಾಲಕ್ಕೆ ಮೊದಲು ಕುಂಡದಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಮೇಲೆ ದಪ್ಪ ಮರಳು ಹರಡಿ, ಇಲಿ ಕೆದಕದಂತೆ ಜಾಲರಿ ಹೊದಿಸಿ ಬಯಲಲ್ಲಿ ಬಿಟ್ಟರೆ ಸಾಕು.

ಇನ್ನು ಎರಡನೆಯ ತಪ್ಪು. ಅದನ್ನು ನಾನೂ ಮಾಡಿದ್ದೇನೆ, ಆದ್ದರಿಂದಲೇ ಈ ಪತ್ರ. ಮೊದಲ ವರ್ಷ ಬಿತ್ತಿದ ಕುಂಡದಲ್ಲಿ ಏನೂ ಏಳಲಿಲ್ಲ. ಬೇಸಿಗೆ ಬಂತು, ತಾಳ್ಮೆ ಮುಗಿಯಿತು, ಮಣ್ಣನ್ನು ಗೊಬ್ಬರದ ಗುಂಡಿಗೆ ಸುರಿದೆ. ಮುಂದಿನ ಚಳಿ ಮುಗಿದ ಮೇಲೆ ಗುಂಡಿಯ ಅಂಚಿನಲ್ಲಿ ಹುಲ್ಲು ಎದ್ದಿತು. ಕೀಳಲೆಂದು ಬಗ್ಗಿದರೆ ಒಂದೊಂದು ಎಲೆಯೂ ಬುಡದಲ್ಲಿ ಮಡಚಿದಂತೆ ಚಪ್ಪಟೆಯಾಗಿ, ಎಳೆಗತ್ತಿಯಂತೆ ನಿಂತಿತ್ತು. ಹುಲ್ಲಿಗೆ ಅಂಥ ಎಲೆ ಇರುವುದಿಲ್ಲ. ಕಿತ್ತಿದ್ದ ಎರಡನ್ನು ಮತ್ತೆ ನೆಟ್ಟೆ, ಒಂದು ಬದುಕಿತು.

ಅಂದಿನಿಂದ ಲೆಕ್ಕ ಬರೆದಿಡುತ್ತೇನೆ. ಒಂದೇ ಗಿಡದ ಎರಡು ಕಾಯಿಗಳಿಂದ ಬಂದ 40 ಬೀಜಗಳಲ್ಲಿ ಮೊದಲ ವರ್ಷ ಎದ್ದದ್ದು 11, ಎರಡನೆಯ ಚಳಿಯ ನಂತರ 17, ಮೂರನೆಯದರ ನಂತರ 4. ಬಿಸಿಲು ಏರಿದೊಡನೆ ಮೊಳಕೆ ನಿಲ್ಲುತ್ತದೆ, ಉಳಿದವು ಮುಂದಿನ ಚಳಿಗೆ ಕಾಯುತ್ತವೆ. ತಿಂಗಳ ಗಡುವು ಹಾಕಿ ಕುಂಡ ಬರಿದು ಮಾಡಿದವರು ಅರ್ಧಕ್ಕಿಂತ ಹೆಚ್ಚು ಗಿಡಗಳನ್ನು ಮಣ್ಣಿನ ಜೊತೆಗೇ ಚೆಲ್ಲಿದಂತೆ. ಕಾಯುವ ತಾಪತ್ರಯ ಬೇಡವೆನ್ನುವ ಕೆಲವರು ಬೀಜದ ತುದಿಯನ್ನು ಬ್ಲೇಡಿನಿಂದ ಹೆರೆದು ಭ್ರೂಣ ಕಾಣುವಂತೆ ಮಾಡಿ ಮೊಳೆಸುತ್ತಾರೆ. ನಾನೂ ಪ್ರಯತ್ನಿಸಿ ಹೆಬ್ಬೆರಳು ಕೊಯ್ದುಕೊಂಡೆ. ಆ ವಿದ್ಯೆ ನನ್ನ ಕಣ್ಣಿಗೂ ಕೈಗೂ ಒಗ್ಗುವುದಿಲ್ಲ.

ಅಂಕಣದ ಪಕ್ಕದಲ್ಲಿದ್ದ ಚಿತ್ರದ ಬಗ್ಗೆಯೂ ಒಂದು ಮಾತು. ಆ ನೀಲಿ ಹೂವಿನ ಬೀಜ ಬಿತ್ತಿದರೆ ಅದೇ ನೀಲಿ ಬರುತ್ತದೆ ಎಂಬ ಭರವಸೆ ಕೊಡಬೇಡಿ. ಹೆಸರಿಟ್ಟು ಮಾರುವ ಗಡ್ಡದ ಐರಿಸ್‌ಗಳು ಬಹುಪಾಲು ಮಿಶ್ರತಳಿಗಳು. ತಾಯಿಯ ಹೂವೇ ಬೇಕಿದ್ದರೆ ಗೆಡ್ಡೆ ಒಡೆದು ನೆಡಬೇಕು. ಬೀಜದ ಗಿಡ ಹೂಬಿಡಲು ಎರಡು ಮೂರು ವರ್ಷ ಹಿಡಿಯುತ್ತದೆ, ಆಮೇಲೂ ಏನು ಬರುತ್ತದೆಂದು ಹೇಳಲಾಗದು. ನನ್ನ ನೇರಳೆ ತಾಯಿಗೆ ಹುಟ್ಟಿದ ಮೊದಲ ಹೂವು ಕೆಸರು ನೀರಿನ ಹಳದಿ, ಇಳಿಬಿದ್ದ ಮೂರು ದಳಗಳ ಮೇಲೆ ಕಂದು ಗೆರೆ. ಮನೆಯವರು ಯಾರೂ ಮೆಚ್ಚಲಿಲ್ಲ. ನನಗೆ ಅದರ ಮೇಲೆಯೇ ಮಮತೆ ಹೆಚ್ಚು.

ಪ್ರಶ್ನೆ ಕೇಳಿದ್ದ ಓದುಗರು ಇನ್ನೂ ಕುಂಡ ಸುರಿದಿರಲಿಕ್ಕಿಲ್ಲ. ಮುಂದಿನ ಭಾನುವಾರದೊಳಗೆ ತಿದ್ದುಪಡಿ ಹಾಕಿದರೆ ಉಪಕಾರವಾಗುತ್ತದೆ. ಅವರು ಅದನ್ನು ನೆರಳಿಗೆ ಸರಿಸಿ, ಮಣ್ಣು ಪೂರ್ತಿ ಒಣಗದಂತೆ ನೋಡಿಕೊಳ್ಳಲಿ. ನನ್ನ ಕುಂಡದಲ್ಲೂ ಇನ್ನೂ ಎಂಟು ಬೀಜಗಳ ಲೆಕ್ಕ ಬಾಕಿ ಇದೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ